ಪಿಕಪ್ಪಿನ ಹೊಟ್ಟೆಗೂ ನೆಲಕ್ಕೂ ನಡುವೆ

ಪಿಕಪ್ ಗಾಡಿಯ ಹಿಂದೆ ಕೂತು ಬಗ್ಗಿ ನೋಡಿದರೆ, ನೆಲಕ್ಕೆ ತೀರಾ ಹತ್ತಿರವಾಗಿ ಕಾಣುವುದು ಹಿಂದಿನ ಆಕ್ಸಲ್‌ನ ನಡುವೆ ಉಬ್ಬಿಕೊಂಡಿರುವ ಕಬ್ಬಿಣದ ಗುಂಡು. ಗ್ಯಾರೇಜಿನವರು ಅದನ್ನು ಹೌಸಿಂಗ್ ಎನ್ನುತ್ತಾರೆ. ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಬರುವ ಎಂಜಿನ್ನಿನ ಬಲವನ್ನು ಎಡಬಲದ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಗೇರುಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಆ ಗುಂಡಿನ ತಳದಿಂದ ನೆಲದವರೆಗಿನ ಅಂತರವೇ ಬಹಳಷ್ಟು ಪಿಕಪ್‌ಗಳ ಗ್ರೌಂಡ್ ಕ್ಲಿಯರೆನ್ಸ್. ಗಾಡಿಯ ಉಳಿದ ಮೈಯೆಲ್ಲ ಅದಕ್ಕಿಂತ ಎತ್ತರದಲ್ಲಿದ್ದರೂ ದಾರಿಯ ನಡುವಿನ ಕಲ್ಲಿಗೆ ಲೆಕ್ಕಕ್ಕೆ ಸಿಗುವುದು ಈ ಒಂದೇ ಜಾಗ.

ಕರ್ನಾಟಕದ ಊರುಗಳಲ್ಲಿ ಓಡಾಡುವ ಬೊಲೆರೊ ಪಿಕಪ್, ಟಾಟಾ ಯೋಧ, ಇಸುಜು ಡಿ-ಮ್ಯಾಕ್ಸ್‌ಗಳಲ್ಲಿ ಹೆಚ್ಚಿನವು ಹಿಂದಿನ ಎರಡು ಚಕ್ರಗಳಿಂದ ಮಾತ್ರ ನಡೆಯುವಂಥವು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮಾದರಿಗಳೂ ಇವೆ. ಆದರೆ ಅವುಗಳ ಬೆಲೆ ಹೆಚ್ಚು, ಎಣ್ಣೆ ಖರ್ಚು ಹೆಚ್ಚು. ಡಾಂಬರು ರಸ್ತೆಯಲ್ಲೇ ಮುಕ್ಕಾಲು ಪಾಲು ಓಡುವ ಬಾಡಿಗೆ ಗಾಡಿಗೆ ಅದು ಹೊರೆ. ಹೀಗಾಗಿ ಸಕಲೇಶಪುರದ ಕಾಫಿ ತೋಟಕ್ಕೂ, ತೀರ್ಥಹಳ್ಳಿಯ ಅಡಿಕೆ ತೋಟಕ್ಕೂ, ರಾಯಚೂರಿನ ಎರೆಮಣ್ಣಿನ ಹೊಲಕ್ಕೂ ಎರಡು ಚಕ್ರದ ಬಲದ ಪಿಕಪ್ಪೇ ಹೋಗಬೇಕಾಗುತ್ತದೆ. ಅಲ್ಲಿ ಹೊಟ್ಟೆ ತಾಗಿದಾಗ ಗಾಡಿಯನ್ನು ಒಂದಷ್ಟು ಎತ್ತರಿಸಿದರಾಯಿತು ಎಂಬ ಯೋಚನೆ ಮಾಲೀಕರಿಗೆ ಬರುವುದು ಸಹಜ.

ತೋಟದ ದಾರಿಯಲ್ಲಿ ಹೊಟ್ಟೆ ತಾಗುವ ರೀತಿಯೇ ಬೇರೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಾಡಿದ ಮಣ್ಣುದಾರಿಯಲ್ಲಿ ಎರಡು ಆಳವಾದ ಕೊರಕಲು ಬೀಳುತ್ತವೆ. ನಡುವೆ ಹುಲ್ಲು ಬೆಳೆದ ಏರಿಯೊಂದು ಉಳಿಯುತ್ತದೆ. ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಆ ಆಳ ಏನೂ ಅಲ್ಲ. ಪಿಕಪ್ಪಿನ ಚಕ್ರಗಳು ಅದೇ ಕೊರಕಲಿಗೆ ಇಳಿದಾಗ ಮಾತ್ರ ಹೌಸಿಂಗ್ ನಡುವಿನ ಏರಿಯನ್ನು ನೇಗಿಲಿನಂತೆ ಉಳುತ್ತ ಸಾಗುತ್ತದೆ. ಇನ್ನೂ ಆಳವಾದರೆ ಗಾಡಿಯ ಭಾರವೆಲ್ಲ ಏರಿಯ ಮೇಲೆ ಕೂತು ಹಿಂದಿನ ಚಕ್ರಗಳು ಸುಮ್ಮನೆ ಸುತ್ತತೊಡಗುತ್ತವೆ. ಗಟ್ಟಿ ಕಲ್ಲಿದ್ದರೆ ಹೌಸಿಂಗಿನ ಅಡಿಯ ಡ್ರೈನ್ ಬೋಲ್ಟಿಗೆ ಪೆಟ್ಟು. ಬೋಲ್ಟು ಸಡಿಲಾಗಿ ಎಣ್ಣೆ ಸೋರಿದ್ದು ಗೊತ್ತಾಗದಿದ್ದರೆ ಸ್ವಲ್ಪ ದಿನದಲ್ಲೇ ಕ್ರೌನ್ ಗೇರು ಕಿರುಗುಟ್ಟಲು ಶುರುಮಾಡುತ್ತದೆ.

ಎತ್ತರಿಸುವ ಕೆಲಸಕ್ಕೆ ಕೈಹಾಕುವ ಮೊದಲು ಅರಿಯಬೇಕಾದ ಸಂಗತಿಯೊಂದಿದೆ. ಗಾಡಿಯ ಕೆಳಭಾಗದಲ್ಲಿ ಎರಡು ಬಗೆಯ ಸಾಮಾನುಗಳಿವೆ. ಒಂದು, ಸ್ಪ್ರಿಂಗಿನ ಮೇಲೆ ಕೂತವು: ಚಾಸಿ, ಎಂಜಿನ್ನಿನ ಎಣ್ಣೆ ತುಂಬಿದ ಚೇಂಬರ್, ಗೇರುಪೆಟ್ಟಿಗೆ, ಡೀಸೆಲ್ ಟ್ಯಾಂಕು, ಸೈಲೆನ್ಸರ್ ಕೊಳವೆ. ಇನ್ನೊಂದು, ಸ್ಪ್ರಿಂಗಿನ ಕೆಳಗೆ ಉಳಿದವು: ಆಕ್ಸಲ್, ಹೌಸಿಂಗ್, ಬ್ರೇಕ್ ಡ್ರಮ್ಮು, ಚಕ್ರ. ಸ್ಪ್ರಿಂಗಿಗೆ ಏನೇ ಮಾಡಿದರೂ ಮೇಲೇಳುವುದು ಮೊದಲ ಬಗೆಯವು ಮಾತ್ರ. ಹೌಸಿಂಗ್ ಇದ್ದಲ್ಲೇ ಇರುತ್ತದೆ. ಆಕ್ಸಲ್‌ನ ಎತ್ತರವನ್ನು ತೀರ್ಮಾನಿಸುವುದು ಟೈರಿನ ಅಳತೆ ಒಂದೇ. ಈ ಭೇದವನ್ನು ಗಮನಿಸದೆ ಸಾವಿರಾರು ರೂಪಾಯಿ ಸುರಿದು ಗಾಡಿ ಎತ್ತರಿಸಿ, ಅದೇ ಏರಿಗೆ ಅದೇ ಹೌಸಿಂಗ್ ಮತ್ತೆ ತಾಗಿದಾಗ ಪೇಚಾಡುವವರಿದ್ದಾರೆ.

ಭಾರ ಹೇರಿದಾಗಲೂ ಇದೇ ಭೇದ ಕಾಣುತ್ತದೆ. ಒಂದು ಟನ್ ಗೊಬ್ಬರದ ಮೂಟೆ ಹೇರಿದರೆ ಸ್ಪ್ರಿಂಗ್ ಕುಗ್ಗಿ ಚಾಸಿ, ಟ್ಯಾಂಕು, ಸೈಲೆನ್ಸರ್ ಎಲ್ಲ ಕೆಳಗಿಳಿಯುತ್ತವೆ. ಹೌಸಿಂಗ್ ಮಾತ್ರ ಟೈರು ಅದುಮಿಕೊಂಡಷ್ಟೇ, ಅಂದರೆ ಒಂದೆರಡು ಸೆಂಟಿಮೀಟರಿನೊಳಗೆ ಇಳಿಯುತ್ತದೆ. ಆದ್ದರಿಂದ ಅಳತೆಯನ್ನು ಎರಡು ಸಲ ತೆಗೆದುಕೊಳ್ಳಬೇಕು, ಖಾಲಿ ಗಾಡಿಗೊಮ್ಮೆ, ನಿತ್ಯ ಹೇರುವಷ್ಟು ಭಾರ ಹೇರಿ ಇನ್ನೊಮ್ಮೆ. ಸಮತಟ್ಟಾದ ಸಿಮೆಂಟು ನೆಲ, ಸರಿಯಾದ ಗಾಳಿ ತುಂಬಿದ ಟೈರು, ಒಂದು ಟೇಪು ಇದ್ದರೆ ಸಾಕು. ಆಮೇಲೆ ಟಾರ್ಚು ಹಿಡಿದು ಗಾಡಿಯ ಅಡಿಗೆ ಹೋಗಿ ಗೀರುಗಳನ್ನು ಹುಡುಕಬೇಕು. ಹಳೆಯ ಗೀರಿಗೆ ತುಕ್ಕು ಹಿಡಿದಿರುತ್ತದೆ, ಹೊಸದು ಬೆಳ್ಳಗೆ ಹೊಳೆಯುತ್ತದೆ. ಗೀರು ಹೌಸಿಂಗಿನ ಮೇಲಿದ್ದರೆ ಮದ್ದು ಟೈರು. ಟ್ಯಾಂಕಿನ ಅಂಚಿನಲ್ಲೋ ಸೈಲೆನ್ಸರಿನ ಬಾಗಿನಲ್ಲೋ ಇದ್ದರೆ ಸ್ಪ್ರಿಂಗು. ಹಿಂದಿನ ಬಂಪರಿನ ತುದಿಯಲ್ಲಿದ್ದರೆ ಸಮಸ್ಯೆ ಎತ್ತರದ್ದಲ್ಲ, ಕೋನದ್ದು.

ಮುಂದಿನ ಚಕ್ರಕ್ಕೂ ಬಂಪರಿಗೂ ನಡುವಿನ ಕೋನ ಚಿಕ್ಕದಿದ್ದರೆ ದಿಣ್ಣೆ ಹತ್ತುವಾಗ ಮೂತಿ ಗುದ್ದುತ್ತದೆ. ಹಿಂದೆ ಉದ್ದಕ್ಕೆ ಚಾಚಿದ ಪಿಕಪ್ಪಿನಲ್ಲಿ ಇಳಿಜಾರು ಮುಗಿಯುವಲ್ಲಿ ಬಾಲ ಗುದ್ದುತ್ತದೆ. ಎರಡು ಜೊತೆ ಚಕ್ರಗಳ ನಡುವೆ ದಿಣ್ಣೆಯ ನೆತ್ತಿ ಬಂದಾಗ ಹೊಟ್ಟೆ ಕೂರುತ್ತದೆ. ಈ ಮೂರನೆಯದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3000 ಮಿಲಿಮೀಟರ್ ಅಂತರ, ನಟ್ಟನಡುವೆ ಹೊಟ್ಟೆ 200 ಮಿಲಿಮೀಟರ್ ಎತ್ತರದಲ್ಲಿರುವ ಗಾಡಿ ದಾಟಬಲ್ಲ ದಿಣ್ಣೆಯ ಕೋನ ಸುಮಾರು 15 ಡಿಗ್ರಿ. ಹೊಟ್ಟೆಯನ್ನು 50 ಮಿಲಿಮೀಟರ್ ಎತ್ತರಿಸಿದರೆ ಅದು ಸುಮಾರು 19 ಡಿಗ್ರಿಗೆ ಏರುತ್ತದೆ. ಉದ್ದದ ಗಾಡಿಗೆ ಎತ್ತರದಿಂದ ಸಿಗುವ ಲಾಭ ಗಿಡ್ಡ ಜೀಪಿಗೆ ಸಿಗುವಷ್ಟಲ್ಲ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಹಂಪುಗಳ ಮಾತೂ ಇಲ್ಲಿಯದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಂತೆ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಕಟ್ಟುವ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನಿನ ಆಕಾರದಲ್ಲಿರಬೇಕು. ಅಂಥ ಹಂಪಿಗೆ ಸುಸ್ಥಿತಿಯಲ್ಲಿರುವ ಯಾವ ಪಿಕಪ್ಪಿನ ಹೊಟ್ಟೆಯೂ ತಾಗದು. ತಾಗುವುದು ರಾತ್ರೋರಾತ್ರಿ ಊರವರೇ ಜಲ್ಲಿ ಸಿಮೆಂಟು ಸುರಿದು ಕಟ್ಟಿದ ಗೋಡೆಯಂಥ ಹಂಪಿಗೆ. ಅದಕ್ಕಾಗಿ ಗಾಡಿ ಎತ್ತರಿಸುವುದಕ್ಕಿಂತ ಹಂಪನ್ನು ಸರಿಪಡಿಸಲು ಪಂಚಾಯಿತಿಗೆ ಅರ್ಜಿ ಕೊಡುವುದೇ ಸರಿಯಾದ ದಾರಿ. ಅದರಿಂದ ಬೈಕಿನವರ ಬೆನ್ನೂ ಉಳಿಯುತ್ತದೆ.

ಟೈರಿನ ಲೆಕ್ಕ ಸರಳ. 215/75 ಆರ್15 ಎಂಬ ಅಳತೆಯಲ್ಲಿ ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು. ಕೊನೆಯದು ಡಿಸ್ಕಿನ ಅಳತೆ, ಇಂಚಿನಲ್ಲಿ. ಇದರ ಒಟ್ಟು ವ್ಯಾಸ 703.5 ಮಿಲಿಮೀಟರ್. ಅದರ ಬದಲು 235/75 ಆರ್15 ಹಾಕಿದರೆ ವ್ಯಾಸ 733.5 ಮಿಲಿಮೀಟರ್. ಹೆಚ್ಚಿದ್ದು 30, ಆದರೆ ನೆಲದಿಂದ ಆಕ್ಸಲ್ ಏಳುವುದು ಅದರ ಅರ್ಧ, 15 ಮಿಲಿಮೀಟರ್. ನೋಡಲು ಇದು ಏನೂ ಅಲ್ಲ ಎನಿಸುತ್ತದೆ. ಹೌಸಿಂಗ್ ನಿಜವಾಗಿ ಮೇಲೇಳುವುದಕ್ಕೆ ಬೇರೆ ದಾರಿ ಇಲ್ಲದ ಕಾರಣ, ಕೊರಕಲಿನ ದಾರಿಯಲ್ಲಿ ಈ 15 ಮಿಲಿಮೀಟರಿಗೆ ಸ್ಪ್ರಿಂಗಿನ ಎರಡಿಂಚಿಗಿಂತ ಹೆಚ್ಚು ಬೆಲೆಯಿದೆ.

ದೊಡ್ಡ ಟೈರಿಗೆ ತೆರಬೇಕಾದ ಬೆಲೆಯೂ ಇದೆ. ಮೇಲಿನ ಬದಲಾವಣೆಯಿಂದ ಚಕ್ರದ ಒಂದು ಸುತ್ತಿಗೆ ಗಾಡಿ ಶೇಕಡಾ 4.3ರಷ್ಟು ಹೆಚ್ಚು ದೂರ ಹೋಗುತ್ತದೆ. ಮೀಟರ್ 60 ತೋರಿಸುವಾಗ ನಿಜವಾದ ವೇಗ ಮೊದಲಿಗಿಂತ ಅಷ್ಟೇ ಪಾಲು ಹೆಚ್ಚಾಗಿರುತ್ತದೆ. ಎಲ್ಲ ಗೇರುಗಳೂ ಅಷ್ಟರಮಟ್ಟಿಗೆ ಎತ್ತರದ ಗೇರುಗಳಾದಂತೆ. ಚಾರ್ಮಾಡಿಯಂಥ ಘಾಟಿಯನ್ನು ತುಂಬಿದ ಗಾಡಿ ಹತ್ತುವಾಗ ಎರಡನೇ ಗೇರಿನಲ್ಲಿ ಏದುಸಿರು ಬಿಟ್ಟು ಒಂದನೇ ಗೇರಿಗೆ ಇಳಿಯಬೇಕಾಗುತ್ತದೆ, ಕ್ಲಚ್ಚು ಬೇಗ ಸವೆಯುತ್ತದೆ. ಬ್ರೇಕಿಗೂ ಅಷ್ಟೇ ಹೆಚ್ಚು ಕೆಲಸ. ಸ್ಟೇರಿಂಗನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೋ ಸ್ಟೇರಿಂಗಿನ ಸರಳಿಗೋ ಉಜ್ಜಿದರೆ ಆ ಅಳತೆ ಆ ಗಾಡಿಗೆ ಸಲ್ಲದು. ಮಡ್‌ಗಾರ್ಡ್ ಕತ್ತರಿಸಿ ಜಾಗ ಮಾಡುವುದು, ಅಥವಾ ಚಾಸಿಗೂ ಬಾಡಿಗೂ ನಡುವೆ ಬಿಲ್ಲೆ ಇಟ್ಟು ಬಾಡಿಯನ್ನಷ್ಟೇ ಮೇಲೆತ್ತುವುದು ಕೆಲವರು ಮಾಡುವ ಉಪಾಯ. ಎರಡನೆಯದರಲ್ಲಿ ಟೈರಿಗೆ ಜಾಗ ಸಿಗುತ್ತದೆಯೇ ಹೊರತು ಹೊಟ್ಟೆಯಡಿಯ ಒಂದು ಸಾಮಾನೂ ಕೂದಲೆಳೆಯಷ್ಟು ಮೇಲೇಳುವುದಿಲ್ಲ.

ಇನ್ನು ಸ್ಪ್ರಿಂಗು. ಪಿಕಪ್ಪಿನ ಹಿಂಭಾಗವನ್ನು ಹೊರುವುದು ಲೀಫ್ ಸ್ಪ್ರಿಂಗ್, ಅಂದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪ್ಲೇಟುಗಳ ಕಟ್ಟು. ಅದರ ಮುಂದಿನ ಕಿವಿ ಚಾಸಿಗೆ ನೇರವಾಗಿ ಕೂತಿರುತ್ತದೆ. ಹಿಂದಿನ ಕಿವಿ ಶ್ಯಾಕಲ್ ಎಂಬ ತೂಗುವ ಕೊಂಡಿಯಿಂದ ನೇತುಕೊಂಡಿರುತ್ತದೆ. ಪ್ಲೇಟುಗಳು ಚಪ್ಪಟೆಯಾದಾಗ ಉದ್ದವಾಗುವ ಕಟ್ಟಿಗೆ ಜಾಗ ಕೊಡುವುದು ಈ ಶ್ಯಾಕಲ್. ನಡುವೆ ಯು ಬೋಲ್ಟುಗಳು ಕಟ್ಟನ್ನು ಆಕ್ಸಲ್‌ಗೆ ಬಿಗಿಹಿಡಿದಿರುತ್ತವೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್‌ನ ಪೀಠದ ತೂತಿನಲ್ಲಿ ಕೂತು ಅದು ಹಿಂದೆ ಮುಂದೆ ಜರುಗದಂತೆ ಕಾಯುತ್ತದೆ.

ಎತ್ತರಿಸುವ ದಾರಿಗಳಲ್ಲಿ ಮೊದಲನೆಯದು ನಿಜಕ್ಕೂ ಎತ್ತರಿಸುವುದಲ್ಲ, ಕಳೆದುಕೊಂಡ ಎತ್ತರವನ್ನು ಮರಳಿ ಪಡೆಯುವುದು. ಐದಾರು ವರ್ಷ ಭಾರ ಹೊತ್ತ ಪ್ಲೇಟುಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿರುತ್ತವೆ. ಎಷ್ಟೋ ಗಾಡಿಗಳಲ್ಲಿ ಹೊಟ್ಟೆ ತಾಗಲು ಇದೊಂದೇ ಕಾರಣ. ಹೊಸ ಕಟ್ಟು ಹಾಕಿಸಿದರೆ ಕಂಪನಿ ಕೊಟ್ಟಿದ್ದ ಎತ್ತರ ವಾಪಸು ಬರುತ್ತದೆ, ಕಾನೂನಿನ ತಂಟೆಯೂ ಇಲ್ಲ. ಹಳೆಯ ಪ್ಲೇಟುಗಳನ್ನೇ ತಣ್ಣಗಿರುವಂತೆ ಯಂತ್ರದಲ್ಲಿ ಒತ್ತಿ ಬಾಗು ಕೊಡಿಸುವುದೂ ಉಂಟು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿಸುವುದು ಮಾತ್ರ ತಪ್ಪು. ಆ ಕಾವಿನಲ್ಲಿ ಉಕ್ಕಿನ ಹದ ಹೋಗುತ್ತದೆ. ಪ್ಲೇಟು ಕೆಲವೇ ತಿಂಗಳಲ್ಲಿ ಮತ್ತೆ ಚಪ್ಪಟೆಯಾಗುತ್ತದೆ, ಇಲ್ಲವೇ ತುಂಡಾಗುತ್ತದೆ.

ಎರಡನೆಯದು ಕಟ್ಟಿಗೆ ಒಂದು ಪ್ಲೇಟು ಸೇರಿಸುವುದು. ಇದರಿಂದ ಗಾಡಿ ಏಳುತ್ತದೆ, ಭಾರ ಹೇರಿದಾಗ ಕುಗ್ಗುವುದೂ ಕಡಿಮೆ. ಖಾಲಿ ಗಾಡಿಯಲ್ಲಿ ಮಾತ್ರ ಹಿಂಭಾಗ ಕುಪ್ಪಳಿಸುತ್ತದೆ. ಭಾರ ಹೊರುವ ಶಕ್ತಿ ಹೆಚ್ಚಿತೆಂದು ಭಾವಿಸುವುದು ಅಪಾಯ. ಚಾಸಿ, ಆಕ್ಸಲ್, ಬ್ರೇಕು, ಟೈರುಗಳ ಮಿತಿ ಹಿಂದಿನಷ್ಟೇ ಇರುತ್ತದೆ.

ಉದ್ದನೆಯ ಶ್ಯಾಕಲ್ ಹಾಕುವುದು ಮೂರನೆಯದು. ಇಲ್ಲಿ ಒಂದು ಲೆಕ್ಕ ಅನೇಕರಿಗೆ ತಪ್ಪುತ್ತದೆ. ಕಟ್ಟಿನ ಮುಂದಿನ ತುದಿ ಅಲುಗದೆ ಹಿಂದಿನ ತುದಿ ಮಾತ್ರ ಕೆಳಗಿಳಿಯುವುದರಿಂದ, ನಡುವೆ ಇರುವ ಆಕ್ಸಲ್‌ನ ಬಳಿ ಸಿಗುವುದು ಅರ್ಧವೇ. ಶ್ಯಾಕಲ್ ಎರಡಿಂಚು ಉದ್ದವಾದರೆ ಗಾಡಿ ಒಂದಿಂಚು ಏಳುತ್ತದೆ. ಜೊತೆಗೆ ಆಕ್ಸಲ್ ಸ್ವಲ್ಪ ತಿರುಗಿ ಹೌಸಿಂಗಿನ ಮೂತಿಯ ಕೋನ ಬದಲಾಗುತ್ತದೆ. ತೀರಾ ಉದ್ದದ ಶ್ಯಾಕಲ್ ತಿರುವಿನಲ್ಲಿ ಪಕ್ಕಕ್ಕೆ ವಾಲಾಡಿ ಗಾಡಿಯ ಹಿಂಭಾಗ ಸೊಂಟ ತಿರುಗಿಸಿದಂತಾಗುತ್ತದೆ. ಒಂದಿಂಚಿಗಿಂತ ಹೆಚ್ಚು ಎತ್ತರ ಬೇಕಾದವರು ಈ ದಾರಿ ಹಿಡಿಯದಿರುವುದೇ ಲೇಸು.

ನಾಲ್ಕನೆಯದು, ಎಲ್ಲಕ್ಕಿಂತ ಅಗ್ಗವಾದದ್ದು ಮತ್ತು ಎಲ್ಲಕ್ಕಿಂತ ಹೆಚ್ಚು ಕೆಡುವುದು, ಲಿಫ್ಟ್ ಬ್ಲಾಕ್. ಸ್ಪ್ರಿಂಗ್ ಕಟ್ಟು ಆಕ್ಸಲ್‌ನ ಮೇಲೆ ಕೂರುವ ಗಾಡಿಗಳಲ್ಲಿ ಎರಡರ ನಡುವೆ ಕಬ್ಬಿಣದ ದಿಮ್ಮಿಯೊಂದನ್ನಿಟ್ಟು ಉದ್ದದ ಯು ಬೋಲ್ಟಿನಿಂದ ಬಿಗಿಯುತ್ತಾರೆ. ಎರಡಿಂಚಿನ ದಿಮ್ಮಿಗೆ ಎರಡಿಂಚು ಪೂರ್ತಿ ಎತ್ತರ. ಆದರೆ ಗಾಡಿ ಮುಂದೆ ಹೋಗಲು ಬಲ ಹಾಕಿದಾಗ ಆಕ್ಸಲ್ ತಾನೇ ಹಿಂದಕ್ಕೆ ತಿರುಗಲು ನೋಡುತ್ತದೆ. ದಿಮ್ಮಿ ಆ ತಿರುಚುವಿಕೆಗೆ ಸನ್ನೆಗೋಲಾಗುತ್ತದೆ. ಸ್ಪ್ರಿಂಗಿನ ಪ್ಲೇಟು ಪಕ್ಕದಿಂದ ನೋಡಿದರೆ ಹಾವಿನಂತೆ ಡೊಂಕಾಗುತ್ತದೆ, ಬಿಟ್ಟಾಗ ಧಡಕ್ಕನೆ ಹಿಂದಿರುಗುತ್ತದೆ. ಒಂದನೇ ಗೇರಿನಲ್ಲಿ ದಿಣ್ಣೆ ಹತ್ತುವಾಗ ಹಿಂದಿನ ಚಕ್ರಗಳು ಟಕಟಕ ಕುಣಿಯುವುದು ಇದರ ಗುರುತು. ಎರಕದ ಅಥವಾ ಗಟ್ಟಿ ಉಕ್ಕಿನ, ಸೆಂಟರ್ ಬೋಲ್ಟಿಗೆ ಸರಿಯಾದ ತೂತು ಮತ್ತು ಗೂಟವಿರುವ ದಿಮ್ಮಿಯನ್ನಷ್ಟೇ ಬಳಸಬೇಕು. ಒಂದರ ಮೇಲೊಂದು ದಿಮ್ಮಿ ಪೇರಿಸುವುದು, ಚೌಕ ಕೊಳವೆಯ ತುಂಡನ್ನು ಕತ್ತರಿಸಿ ದಿಮ್ಮಿ ಎನ್ನುವುದು, ಆಕ್ಸಲ್‌ಗೆ ವೆಲ್ಡಿಂಗ್ ಹೊಡೆದು ಕೂರಿಸುವುದು, ಇವು ಮೂರೂ ಜೀವದ ಜೊತೆ ಆಡುವ ಆಟ. ಮುಂದಿನ ಆಕ್ಸಲ್‌ಗಂತೂ ದಿಮ್ಮಿ ಇಡಲೇಬಾರದು. ಬ್ರೇಕು ಒತ್ತಿದಾಗ ಹೆಚ್ಚಿನ ಒತ್ತಡ ಬೀಳುವುದು ಮುಂಭಾಗದ ಮೇಲೆ. ಅಲ್ಲಿ ದಿಮ್ಮಿ ಜಾರಿದರೆ ಸ್ಟೇರಿಂಗ್ ಚಾಲಕನ ಕೈಯಲ್ಲಿ ಉಳಿಯುವುದಿಲ್ಲ.

ಮುಂಭಾಗದ ಕೆಲಸ ಗಾಡಿಯ ಜಾತಿಯ ಮೇಲೆ ನಿಂತಿದೆ. ಮುಂದೆಯೂ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್ ಇದ್ದರೆ ಹೆಚ್ಚು ಬಾಗಿನ ಪ್ಲೇಟು ಕಟ್ಟೇ ಉತ್ತರ. ಎತ್ತರ ಹೆಚ್ಚಿದಂತೆ ಸ್ಟೇರಿಂಗ್ ಪೆಟ್ಟಿಗೆಯಿಂದ ಚಕ್ರಕ್ಕೆ ಹೋಗುವ ಸರಳು ಓರೆಯಾಗುತ್ತದೆ. ಓರೆ ಜಾಸ್ತಿಯಾದರೆ ಗುಂಡಿಗೆ ಬಿದ್ದಾಗಲೆಲ್ಲ ಸ್ಟೇರಿಂಗ್ ತಾನೇ ಪಕ್ಕಕ್ಕೆ ಎಳೆಯುತ್ತದೆ. ಟಾರ್ಶನ್ ಬಾರ್ ಇರುವ ಗಾಡಿಗಳಲ್ಲಿ ಕೆಲಸ ಸುಲಭವೆಂದೇ ತೋರುತ್ತದೆ. ಉಕ್ಕಿನ ಉದ್ದ ಸರಳನ್ನು ತಿರುಚಿಟ್ಟ ಬೋಲ್ಟನ್ನು ಇನ್ನಷ್ಟು ಬಿಗಿದರೆ ಮೂತಿ ಮೇಲೇಳುತ್ತದೆ, ಒಂದು ರೂಪಾಯಿಯ ಸಾಮಾನೂ ಬೇಡ. ಆದರೆ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಇರುವ ಒಟ್ಟು ಜಾಗ ಬದಲಾಗುವುದಿಲ್ಲ. ಮೇಲೆತ್ತಿದಷ್ಟೂ ಚಕ್ರ ಗುಂಡಿಗೆ ಇಳಿಯಲು ಉಳಿಯುವ ಜಾಗ ಕಡಿಮೆಯಾಗುತ್ತದೆ. ಸಣ್ಣ ತಗ್ಗಿಗೂ ಚಕ್ರವನ್ನು ಹಿಡಿದ ಮೇಲಿನ ತೋಳು ರಬ್ಬರ್ ತಡೆಗೆ ಬಡಿದು ಟಕ್ಕೆಂದು ಸದ್ದಾಗುತ್ತದೆ. ಒಂದಿಂಚು, ಹೆಚ್ಚೆಂದರೆ ಒಂದೂವರೆ ಇಂಚು ಇದರ ಮಿತಿ.

ಕಾಯಿಲ್ ಸ್ಪ್ರಿಂಗ್ ಇದ್ದಲ್ಲಿ ಸ್ಪೇಸರ್ ಎಂಬ ಬಿಲ್ಲೆ ಇಡುತ್ತಾರೆ. ಸ್ಪ್ರಿಂಗು ಕೆಳತೋಳಿನ ನಡುವೆಲ್ಲೋ ಕೂತಿರುವುದರಿಂದ, ಅಲ್ಲಿಟ್ಟ ಬಿಲ್ಲೆಯ ದಪ್ಪಕ್ಕಿಂತ ಚಕ್ರದ ಬಳಿ ಸಿಗುವ ಎತ್ತರ ಹೆಚ್ಚು. ಇದನ್ನರಿಯದೆ ಎರಡಿಂಚು ಬೇಕೆಂದು ಎರಡಿಂಚಿನ ಬಿಲ್ಲೆಯನ್ನೇ ತುರುಕಿ ಬಾಲ್ ಜಾಯಿಂಟ್ ಮುರಿದುಕೊಂಡ ಗಾಡಿಗಳುಂಟು. ಬಿಲ್ಲೆಯ ಬದಲು ಸರಿಯಾದ ಉದ್ದದ ಹೊಸ ಸ್ಪ್ರಿಂಗ್ ಹಾಕುವುದೇ ಉತ್ತಮ ಮಾರ್ಗ. ಈ ಯಾವ ಬಗೆಯಲ್ಲಿ ಎತ್ತಿದರೂ ಚಕ್ರದ ಓರೆ, ಮೂತಿಗಳ ಕೋನ ಬದಲಾಗಿಯೇ ತೀರುತ್ತದೆ. ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರಿನ ಒಂದು ಅಂಚು ಕೆಲವೇ ವಾರಗಳಲ್ಲಿ ಬೋಳಾಗುತ್ತದೆ.

ಎರಡು ಚಕ್ರದ ಬಲದ ಗಾಡಿಗೆ ಮುಂಭಾಗದಲ್ಲಿ ಒಂದು ಅನುಕೂಲವುಂಟು. ಮುಂದಿನ ಚಕ್ರಗಳಿಗೆ ತಿರುಗುವ ಶಾಫ್ಟ್ ಬರುವುದಿಲ್ಲ, ಆದ್ದರಿಂದ ಚಕ್ರವನ್ನು ಹಿಡಿದಿರುವ ಸ್ಪಿಂಡಲ್ ಎಂಬ ಭಾಗವನ್ನು ಬೇಕಾದ ಆಕಾರದಲ್ಲಿ ಮಾಡಬಹುದು. ಚಕ್ರದ ಗೂಟ ಮೂಲಕ್ಕಿಂತ ಕೆಳಗೆ ಬರುವಂತೆ ಎರಕ ಹೊಯ್ದ ಸ್ಪಿಂಡಲ್‌ಗಳು ಅಮೆರಿಕದಲ್ಲಿ ಎಷ್ಟೋ ದಶಕಗಳಿಂದ ಮಾರಾಟಕ್ಕಿವೆ. ಸ್ಪ್ರಿಂಗು, ತೋಳುಗಳ ಕೋನ ಯಾವುದೂ ಬದಲಾಗದೆ ಗಾಡಿ ಎರಡರಿಂದ ನಾಲ್ಕು ಇಂಚು ಏಳುತ್ತದೆ, ಸವಾರಿಯ ಮೃದುತನವೂ ಹಾಗೇ ಉಳಿಯುತ್ತದೆ. ಸರಿಯಾಗಿ ತಯಾರಾಗಿ ಪರೀಕ್ಷೆಯಾಗಿದ್ದರೆ ಇಷ್ಟು ಚೊಕ್ಕವಾದ ವಿಧಾನ ಇನ್ನೊಂದಿಲ್ಲ. ಫೋರ್ಡ್ ಕಂಪನಿ 1965ರಲ್ಲಿ ತನ್ನ ಪಿಕಪ್‌ಗಳಿಗೆ ತಂದ ಟ್ವಿನ್ ಐ-ಬೀಮ್ ವ್ಯವಸ್ಥೆಯ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಎರಡು ಉದ್ದ ತೊಲೆಗಳ ತುದಿಯಲ್ಲಿ ಚಕ್ರಗಳು ತೂಗುತ್ತಿದ್ದವು. ಬರೀ ಉದ್ದದ ಕಾಯಿಲ್ ಹಾಕಿ ಎತ್ತಿದರೆ ಚಕ್ರಗಳ ತಲೆ ಹೊರಕ್ಕೆ ವಾಲುತ್ತಿತ್ತು. ತೊಲೆಯ ಬುಡವನ್ನೇ ಕೆಳಗಿಳಿಸುವ ಬ್ರ್ಯಾಕೆಟ್ ಹಾಕದೆ ಆ ಗಾಡಿಗಳು ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಎತ್ತರದ, ಎರಡು ಚಕ್ರದ ಬಲದ ಪಿಕಪ್ಪಿಗೆ ಅಮೆರಿಕದಲ್ಲಿ ಹೆಸರೇ ಒಂದಿದೆ, ಪ್ರಿರನ್ನರ್. ಮೆಕ್ಸಿಕೊದ ಬಾಹಾ ಪರ್ಯಾಯದ್ವೀಪದ ಮರಳುಗಾಡಿನಲ್ಲಿ 1967ರಲ್ಲಿ ಶುರುವಾದ ದೂರದ ಓಟದ ಸ್ಪರ್ಧೆಗೆ ಹೋಗುವವರು ದಾರಿಯನ್ನು ಮೊದಲೇ ಓಡಿ ನೋಡಿಕೊಳ್ಳಲು ಇಟ್ಟುಕೊಳ್ಳುತ್ತಿದ್ದ ಗಾಡಿಯಿಂದ ಬಂದ ಹೆಸರದು. ಟೊಯೊಟಾ ಕಂಪನಿ ಅದೇ ಹೆಸರಿನಲ್ಲಿ 1998ರ ಮಾದರಿಯಿಂದ ಟಕೋಮಾ ಪಿಕಪ್ಪನ್ನು ಮಾರಿತು. ನಾಲ್ಕು ಚಕ್ರದ ಬಲದ ಗಾಡಿಯಷ್ಟೇ ಎತ್ತರ, ಬಲ ಮಾತ್ರ ಹಿಂದಿನ ಎರಡು ಚಕ್ರಕ್ಕೆ. ಕಾರ್ಖಾನೆಯಲ್ಲೇ ಬ್ರೇಕು, ಶಾಕ್ ಅಬ್ಸಾರ್ಬರ್, ಸ್ಟೇರಿಂಗ್ ಎಲ್ಲ ಆ ಎತ್ತರಕ್ಕೆ ಹೊಂದಿಸಿದ್ದರಿಂದ ಅದು ನಂಬಿಕೆಯ ಗಾಡಿಯಾಯಿತು. ಗ್ಯಾರೇಜಿನಲ್ಲಿ ಎತ್ತುವವರು ಮರೆಯುವುದು ಈ ಹೊಂದಾಣಿಕೆಯನ್ನೇ.

ಹೊಂದಿಸಬೇಕಾದವುಗಳಲ್ಲಿ ಮೊದಲನೆಯದು ಶಾಕ್ ಅಬ್ಸಾರ್ಬರ್. ಜಾಕಿಯ ಮೇಲೆ ಚಾಸಿಯನ್ನೆತ್ತಿ ಚಕ್ರಗಳನ್ನು ಪೂರ್ತಿ ತೂಗಬಿಟ್ಟಾಗ ಶಾಕ್ ಇನ್ನೂ ಸ್ವಲ್ಪ ಎಳೆಯಲು ಬಾಕಿ ಇರಬೇಕು. ಅದೇ ತುದಿ ಮುಟ್ಟಿ ಆಕ್ಸಲ್‌ನ ಭಾರ ಹೊತ್ತಿದ್ದರೆ ಕೆಲವೇ ಗುಂಡಿಗಳಲ್ಲಿ ಅದರ ಸೀಲು ಕಿತ್ತು ಎಣ್ಣೆ ಇಳಿಯುತ್ತದೆ. ಚಕ್ರ ತೂಗಿದ ಅದೇ ಸ್ಥಿತಿಯಲ್ಲಿ ಬ್ರೇಕಿನ ರಬ್ಬರ್ ಪೈಪುಗಳನ್ನು ನೋಡಬೇಕು. ಮುಂದಿನವನ್ನು ಸ್ಟೇರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಬೇಕು. ಪೈಪು ಬಿಗಿಯಾಗಿ ಎಳೆದಿದ್ದರೆ ಅದು ಹರಿಯುವುದು ಬ್ರೇಕು ಬೇಕೇ ಬೇಕಾದ ಗುಂಡಿಯಲ್ಲೇ.

ಹೆಚ್ಚಿನವರ ಕಣ್ಣಿಗೆ ಬೀಳದ ಇನ್ನೊಂದು ಸಾಮಾನು ಹಿಂದಿನ ಆಕ್ಸಲ್‌ನ ಬಳಿ ಇರುತ್ತದೆ. ಪೆನ್ಸಿಲ್ಲಿನಷ್ಟು ದಪ್ಪದ ಸರಳೊಂದು ಆಕ್ಸಲ್‌ನಿಂದ ಚಾಸಿಯ ಮೇಲಿನ ಸಣ್ಣ ವಾಲ್ವಿಗೆ ಹೋಗಿರುತ್ತದೆ. ಇದು ಲೋಡ್ ಸೆನ್ಸಿಂಗ್ ವಾಲ್ವ್. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರಗಳಿಗೆ ಬ್ರೇಕಿನ ಒತ್ತಡ ಪೂರ್ತಿ ಹೋದರೆ ಅವು ಲಾಕಾಗಿ ಗಾಡಿ ಅಡ್ಡ ತಿರುಗುತ್ತದೆ. ಅದಕ್ಕೆ ಈ ವಾಲ್ವು ಚಾಸಿಗೂ ಆಕ್ಸಲ್‌ಗೂ ನಡುವಿನ ಅಂತರ ನೋಡಿ ಒತ್ತಡವನ್ನು ತಗ್ಗಿಸುತ್ತದೆ. ಭಾರ ಬಿದ್ದು ಅಂತರ ಕಡಿಮೆಯಾದಾಗ ಒತ್ತಡವನ್ನು ಬಿಡುತ್ತದೆ. ಗಾಡಿಯನ್ನು ಎರಡಿಂಚು ಎತ್ತಿ ಈ ಸರಳನ್ನು ಹಾಗೇ ಬಿಟ್ಟರೆ, ತುಂಬಿದ ಗಾಡಿಯೂ ವಾಲ್ವಿನ ಪಾಲಿಗೆ ಖಾಲಿ ಗಾಡಿಯೇ. ಹಿಂದಿನ ಬ್ರೇಕು ಅರೆಬರೆಯಾಗುತ್ತದೆ. ಊರೊಳಗೆ ಇದು ಗೊತ್ತೇ ಆಗುವುದಿಲ್ಲ. ಶುಂಠಿ ಮೂಟೆ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವಾಗ ಗೊತ್ತಾಗುತ್ತದೆ. ಸರಳಿನ ಬ್ರ್ಯಾಕೆಟ್ಟನ್ನು ಎತ್ತರಿಸಿದಷ್ಟೇ ಜರುಗಿಸಿ, ಕಂಪನಿಯ ಕೈಪಿಡಿಯ ಅಳತೆಗೆ ಕೂರಿಸುವುದು ಅರ್ಧ ಗಂಟೆಯ ಕೆಲಸ. ಎತ್ತರಿಸುವ ಕೆಲಸದಲ್ಲಿ ಯಾವುದನ್ನು ಮರೆತರೂ ಇದನ್ನು ಮರೆಯಬಾರದು.

ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಹೆಚ್ಚುತ್ತದೆ. ಗೇರುಪೆಟ್ಟಿಗೆ ಮೇಲೇರಿ ಹೌಸಿಂಗ್ ಕೆಳಗೇ ಉಳಿದಾಗ ಶಾಫ್ಟಿನ ತುದಿಗಳ ಕೀಲುಗಳಾದ ಕ್ರಾಸುಗಳು ಹೆಚ್ಚು ಬಾಗಿ ತಿರುಗಬೇಕು. ಎರಡೂ ತುದಿಯ ಕೋನಗಳು ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಇಲ್ಲದಿದ್ದರೆ ಗಂಟೆಗೆ 60 ಕಿಲೋಮೀಟರಿನ ಆಚೀಚೆ ಪಾದದ ಕೆಳಗೆ ಗುಂಯ್‌ ಎಂಬ ನಡುಕ ಶುರುವಾಗುತ್ತದೆ. ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಬೆಣೆಯಾಕಾರದ ತೆಳು ತಗಡು ಇಟ್ಟು ಹೌಸಿಂಗಿನ ಮೂತಿಯನ್ನು ಸರಿಪಡಿಸುವುದು ರೂಢಿ. ಎರಡು ತುಂಡಿನ ಉದ್ದ ಶಾಫ್ಟ್ ಇರುವ ಗಾಡಿಯಲ್ಲಿ ನಡುವಿನ ಬೇರಿಂಗನ್ನು ಬಿಲ್ಲೆ ಇಟ್ಟು ಕೆಳಗಿಳಿಸಬೇಕಾಗಬಹುದು.

ಹೆಡ್‌ಲೈಟು ಚಿಕ್ಕ ವಿಷಯವೆನಿಸಿದರೂ ಎದುರಿನವರ ಪ್ರಾಣದ ವಿಷಯ. ಮೂತಿಯನ್ನಷ್ಟೇ 50 ಮಿಲಿಮೀಟರ್ ಎತ್ತಿದರೆ, 3 ಮೀಟರ್ ಅಂತರದ ಚಕ್ರಗಳ ಗಾಡಿಯಲ್ಲಿ ಬೆಳಕು 50 ಮೀಟರ್ ದೂರದಲ್ಲಿ ಸುಮಾರು 80 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ಡಿಪ್ ಹಾಕಿದ್ದರೂ ಎದುರಿನ ಬೈಕಿನವನ ಕಣ್ಣಿಗೇ ಹೊಡೆಯುತ್ತದೆ. ಗೋಡೆಯ ಮುಂದೆ ಗಾಡಿ ನಿಲ್ಲಿಸಿ, ಎತ್ತರಿಸುವ ಮೊದಲು ಬೆಳಕಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಿಟ್ಟುಕೊಂಡರೆ ಆಮೇಲೆ ಸ್ಕ್ರೂ ತಿರುಗಿಸಿ ಸರಿಮಾಡಲು ಆ ಗೆರೆಯೇ ಆಧಾರ. ಗಾಡಿ ಏರಿದಷ್ಟು ದೀಪವೂ ಏರಿರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಎತ್ತರದ ಮಿತಿಯನ್ನು ಕೊನೆಗೆ ನಿರ್ಧರಿಸುವುದು ಮಗುಚುವ ಭಯ. ಎಡಬಲದ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಭಾರದ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ಗಾಡಿ ಎಷ್ಟು ಸ್ಥಿರ ಎಂಬುದರ ಅಳತೆ. 1400 ಮಿಲಿಮೀಟರ್ ಅಗಲ, 700 ಮಿಲಿಮೀಟರ್ ಎತ್ತರದ ಭಾರಕೇಂದ್ರವಿದ್ದರೆ ಉತ್ತರ 1. ಭಾರಕೇಂದ್ರ 75 ಮಿಲಿಮೀಟರ್ ಏರಿದರೆ 0.9. ಹತ್ತರಲ್ಲಿ ಒಂದು ಪಾಲು ಸ್ಥಿರತೆ ಹೋಯಿತು. ಇದರ ಮೇಲೆ ಹಲಗೆಗಿಂತ ಎತ್ತರಕ್ಕೆ ಕಾಫಿ ಚೀಲ ಪೇರಿಸಿ, ಅದರ ಮೇಲೆ ಕೂಲಿಯಾಳುಗಳನ್ನು ಕೂರಿಸಿದರೆ ಹೇರ್‌ಪಿನ್ ತಿರುವಿನಲ್ಲಿ ಏನಾಗುತ್ತದೆಂದು ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ ಹೇಳುತ್ತದೆ. ಭಾರ ಹೊರುವ ಪಿಕಪ್ಪಿಗೆ ಸ್ಪ್ರಿಂಗಿನಿಂದ ಎರಡಿಂಚು, ಅದಕ್ಕಿಂತ ಹೆಚ್ಚು ಬೇಡ.

ಕಾನೂನೂ ಕೈಕಟ್ಟಿ ನಿಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗಿಂತ ಆರ್‌ಸಿಯಲ್ಲಿನ ವಿವರ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇದನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಹಳದಿ ಬೋರ್ಡಿನ ಪಿಕಪ್ ಫಿಟ್‌ನೆಸ್ ಪರೀಕ್ಷೆಗೂ ಹೋಗಬೇಕು. ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಇಂಥ ಬದಲಾವಣೆಗಳನ್ನೇ. ಆದ್ದರಿಂದ ಹೊಸ ಪ್ಲೇಟು ಕಟ್ಟು, ಅದೇ ಮಾದರಿಯ ಎತ್ತರದ ಆವೃತ್ತಿಗೆ ಕಂಪನಿಯೇ ಕೊಡುವ ಟೈರು, ಇವುಗಳಾಚೆಗೆ ಹೋಗುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ ಲಿಖಿತ ಒಪ್ಪಿಗೆ ಪಡೆಯುವುದು ಅಗತ್ಯ.

ಗಾಡಿ ಹೂತುಕೊಳ್ಳುವುದೆಲ್ಲ ಎತ್ತರ ಸಾಲದೆ ಅಲ್ಲ. ಖಾಲಿ ಪಿಕಪ್ಪಿನ ಭಾರ ಹೆಚ್ಚಾಗಿ ಎಂಜಿನ್ ಇರುವ ಮುಂಭಾಗದಲ್ಲಿ, ತಳ್ಳಬೇಕಾದ ಚಕ್ರಗಳು ಹಗುರವಾದ ಹಿಂಭಾಗದಲ್ಲಿ. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಸಾಮಾನ್ಯ ಡಿಫರೆನ್ಷಿಯಲ್ ಇನ್ನೊಂದು ಚಕ್ರಕ್ಕೂ ಅಷ್ಟೇ ಅಲ್ಪ ಬಲ ಕೊಡುತ್ತದೆ. ಒಣ ನೆಲದಲ್ಲಿರುವ ಆ ಚಕ್ರ ಸುಮ್ಮನೆ ನಿಂತಿರುತ್ತದೆ. ಹಿಂದಿನ ಆಕ್ಸಲ್‌ನ ನೇರ ಮೇಲಕ್ಕೆ ನಾಲ್ಕು ಮರಳಿನ ಮೂಟೆಗಳನ್ನು ಹಗ್ಗ ಬಿಗಿದು ಇಡುವುದು, ಕೆಸರಿನ ಕಚ್ಚು ಆಳವಾಗಿರುವ ಟೈರನ್ನು ಹಿಂದಕ್ಕೆ ಹಾಕುವುದು, ಜೌಗು ದಾಟುವಷ್ಟು ಹೊತ್ತು ಟೈರಿನ ಗಾಳಿ ಸ್ವಲ್ಪ ಇಳಿಸಿ ದಾಟಿದ ಮೇಲೆ ಮತ್ತೆ ತುಂಬುವುದು, ಕೆಲವು ಗಾಡಿಗಳಿಗೆ ಸಿಗುವ ಜಾರು ತಡೆಯುವ ಡಿಫರೆನ್ಷಿಯಲ್ ಹಾಕಿಸುವುದು, ಇವು ಎರಡಿಂಚು ಎತ್ತರಕ್ಕಿಂತ ದೂರ ಕೊಂಡೊಯ್ಯುತ್ತವೆ. ಚೇಂಬರಿನ ಅಡಿಗೆ ದಪ್ಪ ತಗಡಿನ ರಕ್ಷಾಕವಚ ಹಾಕಿಸಿದರೆ, ತಾಗಿದರೂ ತೂತಾಗದು. ಕೊರಕಲಿನ ದಾರಿಯಲ್ಲಿ ಒಂದು ಬದಿಯ ಚಕ್ರವನ್ನು ನಡುವಿನ ಏರಿಯ ಮೇಲೆ, ಇನ್ನೊಂದನ್ನು ಹೊರಗಿನ ಅಂಚಿನ ಮೇಲೆ ಓಡಿಸುವ ಚಾಲಕ ಹೌಸಿಂಗನ್ನು ಕೊರಕಲಿನ ಮೇಲೇ ಸಾಗಿಸುತ್ತಾನೆ. ತೋಟದ ಹಳೆಯ ಡ್ರೈವರುಗಳಿಗೆ ಇದು ಹೇಳಿಕೊಡದೆ ಬಂದ ವಿದ್ಯೆ.

ಎತ್ತರಿಸಿದ ಗಾಡಿಯನ್ನು ಮೊದಲ ಸಲ ಖಾಲಿಯಾಗಿ ನಿಧಾನಕ್ಕೆ ಓಡಿಸಿ ಬ್ರೇಕು ಎಳೆಯುವ ದಿಕ್ಕು, ಸ್ಟೇರಿಂಗ್ ತಾನೇ ನೇರಕ್ಕೆ ಮರಳುವುದು, ಅಡಿಯ ಸದ್ದು ಎಲ್ಲ ಗಮನಿಸಬೇಕು. ಆಮೇಲೆ ಭಾರ ಹೇರಿ ನೋಡಬೇಕು. ಹೊಸ ಪ್ಲೇಟುಗಳು, ದಿಮ್ಮಿ, ಬೆಣೆ ಎಲ್ಲ ಒಂದಕ್ಕೊಂದು ಅದುಮಿಕೊಂಡು ಕೂರಲು ಕೆಲವು ದಿನ ಬೇಕು. ಅಷ್ಟರಲ್ಲಿ ಯು ಬೋಲ್ಟುಗಳ ಬಿಗಿ ಸಡಿಲಾಗಿರುತ್ತದೆ. 100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 500ರ ಮೇಲೆ ಇನ್ನೊಮ್ಮೆ ಟಾರ್ಕ್ ವ್ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಯಬೇಕು. ಒಮ್ಮೆ ಬಿಚ್ಚಿದ ಹಳೆಯ ಯು ಬೋಲ್ಟನ್ನು ಮತ್ತೆ ಹಾಕಬಾರದು, ಅದರ ಎಳೆ ಆಗಲೇ ಹಿಗ್ಗಿರುತ್ತದೆ.